ರೋಗಿಯ ಮಗ್ಗುಲಲ್ಲಿ ಶುಶ್ರೂಷಕಿಯ ವಿವೇಕ



ಕಠಿಣ ವ್ಯಾಧಿಗೆ ಗುರಿಯಾದವರನ್ನು ನೋಡಿಕೊಳ್ಳುವ ಶುಶ್ರೂಷಕಿಯರು ಮಾಡಬೇಕಾದ ನಿರ್ಣಯಗಳನ್ನು ಕುರಿತು ತಮ್ಮಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವೆನು. ನಿರ್ಣಯವು ವೈದ್ಯರದು, ಅದನ್ನು ನಡೆಸುವುದಷ್ಟೇ ಶುಶ್ರೂಷಕಿಯದು ಎಂಬ ಭಾವನೆ ನಮ್ಮಲ್ಲಿ ಬಲವಾಗಿರುವುದು. ಇದು ಅರ್ಧ ಸತ್ಯವು. ವೈದ್ಯರು ಬಂದು ನೋಡಿ ಹೋಗುವರು. ಹಗಲಿರುಳು ರೋಗಿಯ ಬಳಿಯಲ್ಲಿರುವವಳು ಅವಳು. ಯಾವ ಗಳಿಗೆಯಲ್ಲಿ ವೈದ್ಯರನ್ನು ಕರೆಯತಕ್ಕದ್ದೆಂಬ ನಿರ್ಣಯವು ಅವಳದೇ ಆಗಿರುವುದು. ಎಷ್ಟೋ ವೇಳೆ ರೋಗಿಯ ಪ್ರಾಣವು ಅದನ್ನೇ ಅವಲಂಬಿಸಿರುವುದು.

1952ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಬೇನೆಯು ಹರಡಿತು. ಆಗ ಬಿಯೋರ್ನ್ ಇಬ್ಸೆನ್ ಎಂಬ ವೈದ್ಯರು, ಉಸಿರಾಡಲಾರದವರ ಶ್ವಾಸನಾಳಕ್ಕೆ ಕೊಳವೆಯನ್ನಿರಿಸಿ, ಚೀಲವನ್ನು ಕೈಯಿಂದ ಒತ್ತಿ ಗಾಳಿಯೂಡುವ ಕ್ರಮವನ್ನು ಆಚರಣೆಗೆ ತಂದರು. ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಅಹೋರಾತ್ರಿ ಚೀಲವನ್ನೊತ್ತಿ ಅನೇಕರನ್ನು ಬದುಕಿಸಿದರು. ಇಂದಿನ ತೀವ್ರನಿಗಾ ಘಟಕಗಳ ಮೂಲವು ಅಲ್ಲಿರುವುದು. ಯಂತ್ರಗಳು ಬಂದಿದ್ದರೂ ಮಗ್ಗುಲಲ್ಲಿ ಎಚ್ಚತ್ತಿರುವ ಮನುಷ್ಯರ ಅಗತ್ಯವು ತಪ್ಪಿಲ್ಲ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿ. ರಾತ್ರಿ ಎರಡು ಗಂಟೆಯ ಸಮಯ. ರಕ್ತದೊತ್ತಡವು ಸರಿಯಾಗಿದೆ, ಹೆಚ್ಚಿನ ಜ್ವರವೂ ಇಲ್ಲ. ಆದರೆ ಉಸಿರು ನಿಮಿಷಕ್ಕೆ 26, ನಾಡಿ 104. ಸಂಜೆ ಸ್ಪಷ್ಟವಾಗಿ ಮಾತನಾಡಿದವನು ಈಗ ತಾನೆಲ್ಲಿರುವೆನೆಂಬುದನ್ನೇ ಅರಿಯನು. "ನಿದ್ದೆಗಣ್ಣಿನ ಮಾತು, ಬೆಳಗಾಗಲಿ" ಎಂದು ಬಿಡಬಹುದೇ? ಕೂಡದು. ಮೈಯೊಳಗಿನ ಸೋಂಕು ರಕ್ತದೊತ್ತಡವನ್ನು ಇಳಿಸುವುದಕ್ಕೆ ಮುಂಚೆಯೇ ಉಸಿರನ್ನೂ ಬುದ್ಧಿಯನ್ನೂ ಕೆಡಿಸಬಹುದು.

ಇದಕ್ಕೆಂದೇ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯು 2012ರಲ್ಲಿ ಒಂದು ಎಣಿಕೆಯ ಕ್ರಮವನ್ನು ಹೊರಡಿಸಿ, 2017ರಲ್ಲಿ ತಿದ್ದಿತು. ಅದರಂತೆ ಉಸಿರು 25 ಅಥವಾ ಹೆಚ್ಚಾದರೆ 3 ಅಂಕ, ಹೊಸದಾಗಿ ಬುದ್ಧಿಭ್ರಮೆ ತೋರಿದರೆ 3, ಈ ನಾಡಿಗೆ 1. ಒಟ್ಟು 7 ಆಯಿತು. ಏಳು ಮುಟ್ಟಿದರೆ ತುರ್ತು. ವೈದ್ಯರನ್ನು ಆ ಕ್ಷಣವೇ ಕರೆಯತಕ್ಕದ್ದು.

ಆದರೆ ಅಂಕವೇ ಸರ್ವಸ್ವವಲ್ಲ. ಅಂಕವು ಕಡಿಮೆಯಿದ್ದರೂ "ಈತನು ನಿನ್ನೆಯಂತಿಲ್ಲ" ಎಂದು ಅನುಭವಿಯಾದ ಶುಶ್ರೂಷಕಿಗೆ ತೋರಿದರೆ ಆ ಶಂಕೆಯನ್ನೂ ತಿಳಿಸತಕ್ಕದ್ದು. ಹಳೆಯ ಶ್ವಾಸಕೋಶರೋಗವುಳ್ಳ ಕೆಲವರಿಗೆ ಆಮ್ಲಜನಕವು ಹೆಚ್ಚಾದರೂ ಅಪಾಯವೇ. ಆದಕಾರಣ ಲೆಕ್ಕವೂ ವಿವೇಕವೂ ಜೊತೆಗೂಡಿರಬೇಕು. ಕರೆದಾಗ ಹೇಳಬೇಕಾದವು ನಾಲ್ಕೇ: ಈಗ ಏನಾಗಿದೆ, ಹಿಂದೆ ಏನಾಗಿತ್ತು, ತನಗೇನು ತೋರುತ್ತದೆ, ಏನು ಆಗಬೇಕು.

ಇಷ್ಟೆಲ್ಲಾ ತಿಳಿದವಳನ್ನೂ ತಡೆಯುವುದು ಯಾವುದು? ಅಂಜಿಕೆ. "ಇಷ್ಟಕ್ಕೇ ಎಬ್ಬಿಸಿದೆಯಾ?" ಎಂಬ ಒಂದು ಗದರಿಕೆಯು ಮುಂದಿನ ಹತ್ತು ಕರೆಗಳನ್ನು ಅಡಗಿಸುವುದು. ಕರೆದು ಬಂದಾಗ ಏನೂ ಇಲ್ಲದಿದ್ದರೆ ನಷ್ಟವಾದುದು ಒಂದು ಗಳಿಗೆಯ ನಿದ್ದೆ. ಕರೆಯದೆ ಹೋದರೆ ನಷ್ಟವಾಗುವುದು ಒಂದು ಮನೆಯ ದೀಪ.

ಭಕ್ತಮಹಾಶಯರೇ, ತಮ್ಮವರು ಆಸ್ಪತ್ರೆಯಲ್ಲಿರುವಾಗ ಶುಶ್ರೂಷಕಿಯನ್ನು ಬರಿಯ ಆಳೆಂದು ಭಾವಿಸಬೇಡಿರಿ. "ಇವರು ದಿನವೂ ಹೀಗೆಯೇ ಮಾತನಾಡುವರೇ?" ಎಂದು ಅವಳು ಕೇಳಿದರೆ ಬೇಸರಿಸದೆ ನಿಜವನ್ನು ಹೇಳಿರಿ, ನಿಮಗೆ ಕಂಡ ಬದಲಾವಣೆಯನ್ನು ನೀವಾಗಿಯೇ ತಿಳಿಸಿರಿ. ತಮ್ಮ ಹೆಣ್ಣುಮಕ್ಕಳು ಈ ವೃತ್ತಿಗೆ ಹೋಗುವೆವೆಂದರೆ ತಡೆಯಬೇಡಿರಿ. ಕೈಗಳ ಸೇವೆಯ ಜೊತೆಗೆ ಕಣ್ಣಿನ ಎಚ್ಚರವೂ, ಸಕಾಲದಲ್ಲಿ ನುಡಿಯುವ ಧೈರ್ಯವೂ ಕೂಡಿದಾಗಲೇ ಶುಶ್ರೂಷೆಯು ಪೂರ್ಣವಾಗುವುದು.