ಸಂಕ್ರಮಣದ ಹಬ್ಬ ಮತ್ತು ನಮ್ಮ ಮನೆತನಗಳು

(ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಮುಂಚಿತವಾಗಿ ನಮ್ಮ ಗುಡಿಯಲ್ಲಿ ಸೇರಿದ ಭಕ್ತರ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ. ಮ್ಯಾಟ್ರಿಕ್ ಮುಗಿಸಿ ಕಿರಾಣಿ ಅಂಗಡಿಯಲ್ಲಿ ಕೂತವನು. ಆದ್ದರಿಂದ ಅಂಗಡಿಯಲ್ಲಿ ಕಂಡ ಮಾತನ್ನೇ ಮೊದಲು ಹೇಳುತ್ತೇನೆ.

ಭೋಗಿಗೆ ಎಂಟು ದಿನ ಇರುವಾಗಲೇ ಬಿಳಿ ಎಳ್ಳು, ಬೆಲ್ಲ, ಸಜ್ಜೆ, ಶೇಂಗಾ ವ್ಯಾಪಾರ ಏರುತ್ತದೆ. ನಮ್ಮ ತಂದೆಯವರ ಕಾಲಕ್ಕೆ ಒಂದೊಂದು ಮನೆಯವರು ಐದೈದು ಕಿಲೋ ಶೇಂಗಾ, ಇಡೀ ಬೆಲ್ಲದ ಪೆಂಟೆ ಒಯ್ಯುತ್ತಿದ್ದರು. ಈಗ ಅದೇ ಮನೆತನದ ನಾಲ್ವರು ಬೇರೆ ಬೇರೆ ಬಂದು ಕಾಲು ಕಾಲು ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ. ವ್ಯಾಪಾರಕ್ಕೇನೂ ನಷ್ಟವಿಲ್ಲ. ಆದರೆ ಮನೆಗಳು ಒಡೆದದ್ದು ತಕ್ಕಡಿಯಲ್ಲಿ ಕಾಣಿಸುತ್ತದೆ.

ನಮ್ಮ ಸಿದ್ಧರಾಮೇಶ್ವರರು 12ನೆಯ ಶತಮಾನದ ಶರಣರು. ಕೆರೆ ಕಟ್ಟಿಸಿದರು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು, 'ಕಪಿಲಸಿದ್ಧಮಲ್ಲಿಕಾರ್ಜುನ' ಅಂಕಿತದಲ್ಲಿ ಕನ್ನಡದಲ್ಲಿ ವಚನ ಬರೆದರು. ಅವರ ಜಾತ್ರೆಯೇ ಕೂಡಿ ಮಾಡುವ ಕೆಲಸ. ನಂದಿಧ್ವಜಗಳು ಏಳು. ಬೇರೆ ಬೇರೆ ಸಮಾಜದವರಿಗೆ ಅವುಗಳ ಮಾನ ಉಂಟು. ಆ ಎತ್ತರದ ಕೋಲನ್ನು ಒಬ್ಬನೇ ಊರೆಲ್ಲ ಹೊತ್ತು ತಿರುಗಲಾರ. ಒಬ್ಬ ಹೊತ್ತರೆ ಹತ್ತು ಜನ ಆಸರೆಗೆ ನಿಲ್ಲಬೇಕು, ದಣಿದಾಗ ಮತ್ತೊಬ್ಬ ಹೆಗಲು ಕೊಡಬೇಕು. ಮನೆತನ ನಡೆಯುವುದೂ ಹೀಗೆಯೇ ಅಲ್ಲವೇ?

ಮೊದಲು 68 ಲಿಂಗಗಳಿಗೆ ಎಣ್ಣೆಮಜ್ಜನ. ಅತ್ತ ಲಿಂಗಗಳಿಗೆ ಎಣ್ಣೆ ಏರಿದರೆ ಇತ್ತ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳ ನೆತ್ತಿಗೆ ಎಣ್ಣೆ ಹಚ್ಚಿ ಎರೆಯುತ್ತಾಳೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅವರೆ, ಗಜ್ಜರಿ, ಬದನೆಕಾಯಿ, ಹಸಿ ಕಡಲೆ ಎಲ್ಲ ಕೂಡಿಸಿದ ಭೋಗಿ ಪಲ್ಲೆ, ಶೇಂಗಾ ಹೋಳಿಗೆ. ಮುಂದೆ ಸಮ್ಮತಿ ಕಟ್ಟೆಯಲ್ಲಿ ನಂದಿಧ್ವಜಗಳಿಗೆ ಅಕ್ಷತೆ. ಯೋಗದಂಡದೊಡನೆ ಕುಂಬಾರ ಕನ್ಯೆಯ ಮದುವೆಯಾದ ಕಥೆಯ ನೆನಪು ಅದು. ಆಮೇಲೆ ಹೋಮ, ಮದ್ದಿನ ಆಟ, ಕೊನೆಗೆ ಕಪ್ಪಡಕಳಿ. ಈ ನಡುವೆ ಮನೆಯಲ್ಲಿ ಎಳ್ಳುಬೆಲ್ಲ ಹಂಚುವುದು, ಕೂಸುಗಳಿಗೆ ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿ ಎರೆಯುವುದು.

ನಮ್ಮ ಮನೆಯ ಮಾತು ಹೇಳುತ್ತೇನೆ. ನಾವು ನಾಲ್ವರು ಅಣ್ಣತಮ್ಮಂದಿರು. ಪಾಲಾಗಿ ಬಹಳ ವರ್ಷಗಳಾದವು. ಪಾಲಾದ ಹೊತ್ತಿಗೆ ಇಬ್ಬರ ನಡುವೆ ಮಾತೂ ನಿಂತಿತ್ತು. ಆಗ ನಮ್ಮ ಅವ್ವ ಒಂದೇ ಮಾತು ಹೇಳಿದಳು: "ಹೊಲ ಹಂಚಿಕೊಳ್ರಿ, ಅಂಗಡಿ ಹಂಚಿಕೊಳ್ರಿ. ಭೋಗಿ ಒಲಿ ಮಾತ್ರ ಒಂದ ಇರಲಿ." ಆ ವರ್ಷ ಇಬ್ಬರೂ ಒಂದೇ ಪಂಕ್ತಿಯಲ್ಲಿ ಮಾತಿಲ್ಲದೆ ಉಂಡರು. ಮರುದಿನ ಸಣ್ಣವನು ದೊಡ್ಡವನಿಗೆ ಎಳ್ಳುಬೆಲ್ಲ ಕೊಟ್ಟು ಕಾಲಿಗೆ ಬಿದ್ದ. ಕೋರ್ಟಿಗೆ ಹೋಗಬೇಕಾಗಿದ್ದ ಜಗಳ ಅಡುಗೆಮನೆಯಲ್ಲೇ ತೀರಿತು. ಅವ್ವ ಈಗಿಲ್ಲ. ಒಲೆ ಇದೆ.

ಇನ್ನೊಂದು ಚಿಂತೆ ಇದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಎಷ್ಟೋ ಸೊಸೆಯಂದಿರು ಮರಾಠಿ ಮನೆಯ ಹೆಣ್ಣುಮಕ್ಕಳು, ನಮ್ಮ ಹಬ್ಬವನ್ನು ಅಕ್ಕರೆಯಿಂದ ನಡೆಸುತ್ತಾರೆ. ಆದರೆ ಪುಣೆ, ಮುಂಬಯಿಯಿಂದ ಬಂದ ಮೊಮ್ಮಗ ಅಜ್ಜಿಯೊಡನೆ ಮಾತಾಡಲು ನಡುವೆ ಅಪ್ಪನನ್ನು ಕರೆಯುವಂತಾದರೆ ಹೇಗೆ? ಎಣ್ಣೆಮಜ್ಜನ, ಸಮ್ಮತಿ ಕಟ್ಟೆ ಎಂಬ ಮಾತುಗಳನ್ನು ಇಡೀ ಸೊಲ್ಲಾಪುರವೇ ಆಡುತ್ತದೆ. ಅವುಗಳ ಅರ್ಥ ನಮ್ಮ ಮಕ್ಕಳಿಗೇ ತಿಳಿಯದಿರಬಾರದು. ಆ ಪಾಠ ಸಾಲೆಯಲ್ಲಿ ಸಿಗುವುದಿಲ್ಲ. ಅಜ್ಜಿಯ ಹತ್ತಿರ ಕೂತು ಕುಸುರೆಳ್ಳು ಆರಿಸುವಾಗ ಸಿಗುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಅಕ್ಷತೆ ಹಾಕಿ ಅದೇ ರಾತ್ರಿ ಗಾಡಿ ಹಿಡಿಯಬೇಡಿರಿ. ಮೂರು ರಾತ್ರಿಯಾದರೂ ಉಳಿಯಿರಿ. ಆ ಮೂರು ದಿನ ಮಕ್ಕಳೊಡನೆ ಕನ್ನಡದಲ್ಲೇ ಮಾತಾಡಿರಿ. ಅವರು ತಪ್ಪಿದರೆ ನಗಬೇಡಿರಿ. ಗಂಡಸರು ರೊಟ್ಟಿ ಬಡಿಯಲು ಬಾರದಿದ್ದರೆ ನೀರಾದರೂ ತುಂಬಿರಿ, ಪಲ್ಲೆಯಾದರೂ ಹೆಚ್ಚಿರಿ. ಇಡೀ ಹಬ್ಬ ಒಲೆಯ ಮುಂದೆ ಕಳೆದ ಹೆಣ್ಣುಮಗಳಿಗೂ ನಂದಿಧ್ವಜ ನೋಡುವ ಆಸೆ ಇರುತ್ತದೆ. ಮನಸ್ತಾಪವಿರುವ ಮನೆಗೆ ಮೊದಲ ಎಳ್ಳುಬೆಲ್ಲ ನೀವೇ ಒಯ್ಯಿರಿ.

ಗುಡಿಗೆ ಬಣ್ಣ ಬಳಿಯಲು ಕಮಿಟಿ ಇದೆ. ಮನೆತನ ಉಳಿಸಲು ಯಾವ ಕಮಿಟಿಯೂ ಇಲ್ಲ. ಅದನ್ನು ನಾವೇ ಮಾಡಬೇಕು. ಸಿದ್ಧರಾಮೇಶ್ವರರು ಎಲ್ಲರಿಗೂ ಆ ಬುದ್ಧಿ, ಬಲ ಕೊಡಲಿ ಎಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.