ಮಗು ಬರುವ ಮುಂಚೆ ಕಾರು



ಹೊಸದಾಗಿ ಮದುವೆಯಾದವರು ಸೆಕೆಂಡ್ ಹ್ಯಾಂಡ್ ಕಾರಿಗೆ ಸಾಲ ಕೇಳುವಾಗ, "ಮುಂದೆ ಮಕ್ಕಳಾದ್ರೆ ದೊಡ್ಡದೇ ಬೇಕಲ್ವಾ?" ಅಂತಾರೆ. ಯೋಚನೆ ಒಳ್ಳೆಯದೇ. ಆದರೆ ಕೊಳ್ಳುವ ಮುಂಚೆ ಮೂರು ವಿಷಯ ನೋಡಬೇಕು.

ಒಂದು, ಜಾಗ. ಏಳು ಸೀಟಿನ ಎರ್ಟಿಗಾದಲ್ಲೂ ಹಿಂದಿನ ಸಾಲಿನಲ್ಲಿ ಜನ ಕೂತರೆ ಸಾಮಾನಿಗೆ ಉಳಿಯುವ ಜಾಗ ಸ್ವಲ್ಪವೇ. ಅತ್ತೆಯವರನ್ನೂ ಕರ್ಕೊಂಡು ಹೋಗಿ ಹತ್ತಿ ಇಳಿದು ನೋಡಿ. ಮಗುವಿನ ಸೀಟು ಕಟ್ಟಿದ ಮೇಲೆ ಪಕ್ಕದಲ್ಲಿ ನೀವು ಕೂರಬಹುದಾ?

ಎರಡು, ಸುರಕ್ಷತೆ. 2019ರಲ್ಲಿ ತಯಾರಿಕೆ ನಿಂತ ಓಮ್ನಿಯಲ್ಲಿ ಜಾಗವಿದೆ, ಆದರೆ ಏರ್‌ಬ್ಯಾಗ್ ಇಲ್ಲ. ಹಿಂದಿನ ಸೀಟುಗಳಿಗೆ ಬೆಲ್ಟ್ ಇರಲೇಬೇಕು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ರೆ 1,000 ರೂಪಾಯಿ ದಂಡವೆಂದು 2019ರ ಕಾನೂನು ತಿದ್ದುಪಡಿ ಹೇಳುತ್ತದೆ. ದಂಡದ ಮಾತು ಬಿಡಿ, ಜೋರಾಗಿ ಬ್ರೇಕ್ ಹಾಕಿದಾಗ ಮಡಿಲಲ್ಲಿರುವ ಮಗುವನ್ನು ತಾಯಿಯ ಕೈ ಹಿಡಿದು ನಿಲ್ಲಿಸಲಾರದು.

ಮೂರು, ಕಾಗದಪತ್ರ. ಆರ್.ಸಿ.ಯಲ್ಲಿ ಬ್ಯಾಂಕ್ ಸಾಲ ನಮೂದಾಗಿದ್ರೆ ಎನ್.ಓ.ಸಿ. ಕೈಗೆ ಬಾರದೆ ಹಣ ಕೊಡ್ಬೇಡಿ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ವಿಮೆ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ. 15 ವರ್ಷ ತುಂಬುವ ಕಾರಾದರೆ ನೋಂದಣಿ ನವೀಕರಣದ ಖರ್ಚೂ ಇದೆ. ಗುರುತಿನ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಬೇಡ.

ಮಗು ಬಂದಾಗ ಹೆರಿಗೆಯ ಖರ್ಚೂ ಕಾರಿನ ಕಂತೂ ಒಟ್ಟಿಗೆ ತಲೆ ಮೇಲೆ ಬರ್ತವೆ. ಆದ್ದರಿಂದ ಹೆರಿಗೆ, ಬಾಣಂತನಕ್ಕೆಂದು ಉಳಿತಾಯದಲ್ಲಿ ಹಣ ಬೇರೆ ಇಡಿ. ಮಿಕ್ಕಿದ್ದರಲ್ಲಿ ಕಾರು ನೋಡಿ. ಅಷ್ಟಕ್ಕೆ ಐದು ಸೀಟಿನದೇ ಸಿಕ್ಕರೂ ಮೊದಲ ಮಗುವಿಗೆ ಅದು ಧಾರಾಳ ಸಾಕು.