ನಮ್ಮ ಬಂಡಿ ತೇರಾಗಬಾರದು
(ವಿದ್ಯಾರ್ಥಿ ನಾಟಕ ತಂಡಗಳ ಶಿಬಿರದಲ್ಲಿ ಆಡಿದ ಮಾತು)



ಏಪ್ರಿಲ್ 14ರ ಮೆರವಣಿಗೆಗೆ ನಮ್ಮ ನಾಟಕ ತಂಡದಿಂದ ಒಂದು ಸ್ತಬ್ಧಚಿತ್ರ ಕಟ್ಟಬೇಕು, ಹೇಗೆ ಅಂತ ಹೇಳಿಕೊಡಿ ಎಂದು ಕೇಳಿದ್ದೀರಿ. ಬಿದಿರು ಎಷ್ಟು, ಬಟ್ಟೆ ಎಷ್ಟು ಅನ್ನೋದು ಆಮೇಲೆ. ಮೊದಲು ಒಂದು ಮಾತು ಇತ್ಯರ್ಥವಾಗಬೇಕು. ನಾವು ಕಟ್ಟಲು ಹೊರಟಿರುವುದು ಬಂಡಿಯೋ, ತೇರೋ?

ತೇರು ನಮಗೆ ಗೊತ್ತಿರೋದೇ. ಮೇಲೆ ದೇವರು, ಪಕ್ಕದಲ್ಲಿ ಪೂಜಾರಿ, ಕೆಳಗೆ ಕೈಮುಗಿಯುವ ಜನ. ಎಷ್ಟೋ ಊರುಗಳಲ್ಲಿ ಅದರ ಹಗ್ಗ ಮುಟ್ಟಲೂ ನಮ್ಮವರನ್ನು ಬಿಡಲಿಲ್ಲ. ಮುಂದೆ ತಮಟೆ ಬಡಿಯಲು ಮಾತ್ರ ನಮ್ಮವರೇ ಬೇಕಾಗಿತ್ತು! ಈಗ ಪೇಟೆಯಲ್ಲಿ ಬಾಡಿಗೆಗೆ ಎಲ್ಲಾ ಸಿಗುತ್ತೆ. ಥರ್ಮಾಕೋಲಿನ ಸಿಂಹಾಸನ, ಬಣ್ಣದ ದೀಪ, ಎದೆ ನಡುಗಿಸುವ ಡೀಜೆ. ಅದರ ಮೇಲೆ ಬಾಬಾಸಾಹೇಬರನ್ನು ಕೂರಿಸಿ ಹಾರ ಹಾಕಿದರೆ ಅದೂ ಒಂದು ತೇರೇ. ರಾಜಕೀಯದಲ್ಲಿ ಭಕ್ತಿ ಬೆಳೆದರೆ ಅದು ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಅವರೇ ಅಲ್ಲವೇ?

ಹಾಗಾದರೆ ಏನು ತೋರಿಸೋಣ? ಹುಟ್ಟಿನಿಂದ ಪರಿನಿಬ್ಬಾಣದವರೆಗೆ ಎಲ್ಲವನ್ನೂ ಒಂದೇ ಟ್ರೈಲರಿಗೆ ತುರುಕುತ್ತಾರೆ. ಬೀದಿಯ ಅಂಚಲ್ಲಿ ನಿಂತವನಿಗೆ ಬಂಡಿ ಕಾಣೋದು ಅರೆಗಳಿಗೆ. ಆದ್ದರಿಂದ ಒಂದೇ ಘಟನೆ ಸಾಕು. ನನ್ನನ್ನು ಕೇಳಿದರೆ ಮಹಾಡ್ ಕೆರೆ.

ಕತೆ ನಿಮಗೆ ಗೊತ್ತಿದ್ದರೂ ವರ್ಷಗಳನ್ನು ನೆನಪಿಡಿ. ಸರ್ಕಾರಿ ಕೆರೆ ಬಾವಿಗಳು ಎಲ್ಲರಿಗೂ ಎಂದು ಬೊಂಬಾಯಿ ಶಾಸನಸಭೆ 1923ರಲ್ಲಿ ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಹೂಂ ಅಂದಿತು. ಕಾಗದ ಹೂಂ ಅಂದಿತು, ಊರು ಹೂಂ ಅನ್ನಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು. ಅವರು ಗುಡಿಗೂ ನುಗ್ಗುತ್ತಾರಂತೆ ಅಂತ ಗಾಳಿಸುದ್ದಿ ಹಬ್ಬಿಸಿ, ಊಟ ಮಾಡುತ್ತಿದ್ದವರನ್ನೂ ಬಿಡದೆ ಬಡಿದರು. ಆಮೇಲೆ 108 ಕೊಡ ಹಾಲು ಮೊಸರು ಸಗಣಿ ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಎಮ್ಮೆ ಇಳಿದರೆ ಇಲ್ಲದ ಮೈಲಿಗೆ ಮನುಷ್ಯ ಬೊಗಸೆಯೊಡ್ಡಿದರೆ ಬಂತು! ನ್ಯಾಯಾಲಯದಲ್ಲಿ ಕೊನೆಗೆ ಗೆದ್ದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಈಗ ಕೆಲಸದ ಮಾತು. ಮೆರವಣಿಗೆಯಲ್ಲಿ ಎಡಕ್ಕೆ ನಿಂತವನಿಗೆ ಬಲ ಕಾಣದು. ಹಾಗಾಗಿ ಎರಡೂ ಮಗ್ಗುಲಲ್ಲಿ ಇಷ್ಟೇ ಬರೆಯಿರಿ: 1923, 1924, 1927, 1937. ಒಂದೊಂದು ಅಂಕಿ ಮೊಳದುದ್ದ ಇರಲಿ. ಬಿದಿರಿನ ದಬ್ಬೆ, ಗೋಣಿಚೀಲ, ಹಳೇ ಪತ್ರಿಕೆ, ಮೈದಾ ಅಂಟು, ಇವಿಷ್ಟರಲ್ಲೇ ಕೆರೆಯ ಮೆಟ್ಟಿಲು ಎದ್ದು ಬರುತ್ತೆ. ಮೇಲೆ ಸುಣ್ಣ, ಕಾವಿ, ಒಂದಿಷ್ಟು ಮಸಿ. ಬಾಬಾಸಾಹೇಬರ ಪಾತ್ರಧಾರಿಯ ಕೈಗೆ ಸಂವಿಧಾನದ ಪುಸ್ತಕ ಕೊಡಬೇಡಿ. ಮಹಾಡ್‌ಗೂ ಅದಕ್ಕೂ 22 ವರ್ಷ ದೂರ. ಆಗ ಅವರಿಗಿನ್ನೂ 36 ತುಂಬಿರಲಿಲ್ಲ, ಮುದುಕನ ವೇಷ ಹಾಕಬೇಡಿ.

ನೀರು ಮಾತ್ರ ನಿಜವಾದ್ದೇ ಇರಬೇಕು. ಒಂದು ಡ್ರಮ್ ಇಡಿ. 200 ಲೀಟರ್ ಅಂದರೆ 200 ಕೆ.ಜಿ. ಭಾರ ಕಣ್ರಪ್ಪಾ, ಡ್ರೈವರು ಬ್ರೇಕು ಒತ್ತಿದರೆ ತುಳುಕಿ ಬಂಡಿಯನ್ನೇ ಎಳೆಯುತ್ತೆ. ಅರ್ಧ ತುಂಬಿ, ಮುಚ್ಚಳ ಹಾಕಿ, ಚಕ್ರದ ನೇರಕ್ಕೆ ಬಿಗಿದು ಕಟ್ಟಿ. ನಿಂತವರು ಹಿಡಿದುಕೊಳ್ಳಲು ಸೊಂಟದೆತ್ತರಕ್ಕೆ ಗಟ್ಟಿ ಬಿದಿರು ಬೇಕು. ಹಿಂದಿನ ದಿನವೇ ಬಂಡಿಯಷ್ಟೇ ಎತ್ತರದ ಗಳು ಹಿಡಿದು ದಾರಿಯುದ್ದಕ್ಕೂ ನಡೆಯಿರಿ, ಕರೆಂಟು ತಂತಿ ಎಲ್ಲಿ ಜೋತಿದೆ ನೋಡಿ. ಚಕ್ರದ ಪಕ್ಕ ಹಗ್ಗ ಹಿಡಿದು ಇಬ್ಬಿಬ್ಬರು ನಡೆಯಲೇಬೇಕು, ಮಕ್ಕಳು ಓಡಿಬರುತ್ತವೆ. ತಮಟೆಯನ್ನು ನೆಲದ ಮೇಲೆ ಕಾಯಿಸಿಕೊಂಡು ಬನ್ನಿ. ಕಾಗದ ಬಟ್ಟೆ ಇರುವ ಬಂಡಿ ಮೇಲೆ ಬೆಂಕಿ ಬೇಡವೇ ಬೇಡ.

ತಮಟೆ ಬೇಕೇ ಅಂತ ನಿಮ್ಮಲ್ಲೇ ಇಬ್ಬರು ಕೇಳಿದರು. ಬಿಟ್ಟಿ ಚಾಕರಿಯ ಗುರುತು ಅದು, ಓದಿದ ನಾವು ಯಾಕೆ ಬಡಿಯಬೇಕು ಅಂತ. ಆ ಸಿಟ್ಟು ನ್ಯಾಯವೇ. ಊರಗೌಡನ ಹೆಣದ ಮುಂದೆ ಬಡಿಯೋದನ್ನು ನಿಲ್ಲಿಸಿದ್ದು ಚಳವಳಿಯೇ. ಆದರೆ ಅದೇ ಚಳವಳಿ ಅದೇ ತಮಟೆಯನ್ನು ಸಭೆಗೆ ಜನ ಕರೆಯಲು ಬಡಿಯಿತು. ಯಾರು ಬಡಿ ಅಂದರು ಅನ್ನೋದೇ ಪ್ರಶ್ನೆ. ಆದರೂ ಬೇಡ ಅನ್ನುವವರ ಕೊರಳಿಗೆ ತಮಟೆ ಕಟ್ಟಬೇಡಿ.

ಹೆಣ್ಣುಮಕ್ಕಳು ಬಂಡಿ ಮೇಲೆ ಬೇಡ, ಜನ ಆಡಿಕೊಳ್ತಾರೆ ಅನ್ನೋ ಮಾತೂ ಬಂತು. ಅದೇ 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲೇ ಅಂಬೇಡ್ಕರರು ಹೆಂಗಸರ ಮುಂದೆ ಪ್ರತ್ಯೇಕ ಭಾಷಣ ಮಾಡಿದರು. ಜಾತಿ ಹೇಳುವ ಉಡುಗೆ ಒಡವೆ ಬಿಡಿ, ಹೆಣ್ಣುಮಕ್ಕಳನ್ನು ಓದಿಸಿ ಎಂದರು. ಅವರನ್ನು ಕೆಳಗಿಳಿಸಿ ಮಹಾಡ್ ತೋರಿಸೋದು ಹೇಗೆ? ಊರಿನ ನೀರು ಹೊತ್ತವರು ಯಾರು?

ಇನ್ನು ದುಡ್ಡು. ಒಬ್ಬ ಪುಢಾರಿ ಪೂರ್ತಿ ಖರ್ಚು ಕೊಡ್ತೀನಿ ಅಂತಾನೆ. ಬಂಡಿ ಹೊರಡುವ ಹೊತ್ತಿಗೆ ಕೆರೆಯ ಮೇಲೆ ಅವನ ಫ್ಲೆಕ್ಸು ಕೂತಿರುತ್ತೆ. ಹಾಸ್ಟೆಲ್ಲಿನ ರೂಮು ರೂಮಿಗೆ ಹೋಗಿ ಹತ್ತು ಹತ್ತು ರೂಪಾಯಿ ಎತ್ತಿ. ಕಡಿಮೆ ಬಿದ್ದರೆ ಬಣ್ಣ ಕಡಿಮೆ ಮಾಡಿ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಮ್ಮವರನ್ನು ಸುಟ್ಟ ಸುದ್ದಿಯನ್ನು ಸಮುದಾಯದವರು ಬೀದಿನಾಟಕ ಮಾಡಿದಾಗ ವೇದಿಕೆಯೂ ಬೇಕಾಗಲಿಲ್ಲ, ಪರದೆಯೂ ಬೇಕಾಗಲಿಲ್ಲ.

ಸ್ತಬ್ಧ ಅಂದರೆ ಅಲ್ಲಾಡಬಾರದು ಎಂದರ್ಥ. ನಾವು ನಾಟಕದವರು, ಅಲ್ಲಾಡೋಣ. ಪ್ರತಿ ವೃತ್ತದಲ್ಲೂ ಬಂಡಿ ಎರಡು ನಿಮಿಷ ನಿಲ್ಲಲಿ. ತಮಟೆ ನಿಲ್ಲಲಿ. ಪಾತ್ರಧಾರಿಗಳು ಒಬ್ಬೊಬ್ಬರಾಗಿ ಬೊಗಸೆ ನೀರು ಕುಡಿಯಲಿ. ಆಮೇಲೆ ಇಳಿದು, ಬಿಂದಿಗೆ ಲೋಟ ಹಿಡಿದು, ಬಿಸಿಲಲ್ಲಿ ನಿಂತ ಜನರ ಹತ್ತಿರ ಹೋಗಲಿ. ಅಂಗಡಿಯವರಿಗೆ, ಬಸ್ಸಿಗೆ ಕಾದವರಿಗೆ, ಬಂದೋಬಸ್ತಿನ ಪೊಲೀಸರಿಗೂ ಚಾಚಲಿ. ಯಾರ ಜಾತಿಯನ್ನೂ ಕೇಳಬೇಡಿ. ಕೆಲವರು ಕುಡಿಯುತ್ತಾರೆ. ಕೆಲವರು ಈಗ ತಾನೇ ಕುಡಿದೆ ಅಂತಾರೆ, ಕೆಲವರು ಫೋನು ತೆಗೆದು ನೋಡುತ್ತಾರೆ. ಬೇಡ ಅಂದವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಲೋಟವನ್ನು ಅಲ್ಲೇ ಮೂರು ಎಣಿಸುವಷ್ಟು ಹೊತ್ತು ಹಿಡಿದು, ಮುಂದಿನವರ ಹತ್ತಿರ ಹೋಗಿ. ಪಕ್ಕದಲ್ಲಿ ನಿಂತವರೆಲ್ಲ ನೋಡುತ್ತಿರುತ್ತಾರಲ್ಲ, ನಾಟಕ ಅಲ್ಲೇ ನಡೆದುಹೋಯಿತು.

ಇದನ್ನು ಇವತ್ತೇ ಅಭ್ಯಾಸ ಮಾಡಬೇಕು, ಲೋಟ ಚಾಚುವಾಗ ಕೈ ನಡುಗುತ್ತೆ. ಟ್ರೈಲರು ಹೊರಗೆ ನಿಂತಿದೆ, ಅಳತೆ ಟೇಪು ಯಾರ ಹತ್ತಿರ ಇದೆ?

ಜೈಭೀಮ್.